ಸಿಲಿಂಡರ್ ಇಲ್ಲದ ಸೆಲ್ ಲ್ಯಾಬ್: ಮೀನಿನ ಕಿವಿರು ಸೆಲ್ ಮೇಲೆ ಬೋರ್ಡೋ ಪರೀಕ್ಷೆ, ನನ್ನ ಅನುಭವ

ಶಿವಮೊಗ್ಗದಲ್ಲಿ ಕೂತು ಸೆಲ್ ಕಲ್ಚರ್ ಮಾಡಿ, ಅಂದರೆ ಜೀವಕೋಶ ಬೆಳೆಸಿ, ವಿಷ ಪರೀಕ್ಷೆ ನಡೆಸೋದು ಆಗದ ಮಾತು ಅಂತ ಹೇಳಿದವರು ಒಬ್ಬಿಬ್ಬರಲ್ಲ. ಬೆಂಗಳೂರಿನ ಹಿರಿಯರೊಬ್ಬರು "ಸಿಒಟು ಇನ್‌ಕ್ಯುಬೇಟರ್ ಇಲ್ಲದ ರೂಮನ್ನು ಸೆಲ್ ಲ್ಯಾಬ್ ಅಂತ ಕರೀಬೇಡಿ" ಅಂದರು. ಇಂಗಾಲದ ಡೈಆಕ್ಸೈಡ್ (ಸಿಒಟು) ಗ್ಯಾಸ್ ಬಿಟ್ಟು ಸೆಲ್ ಬೆಳೆಸುವ ಬೆಚ್ಚಗಿನ ಪೆಟ್ಟಿಗೆ ಅದು. ಈಗ ಎರಡು ಮಳೆಗಾಲ ದಾಟಿವೆ. ರೋಹು ಮೀನಿನ ಕಿವಿರಿನ ಸೆಲ್‌ಗಳು ನನ್ನ ಹಳೆಯ ಬಿಒಡಿ ಇನ್‌ಕ್ಯುಬೇಟರಿನಲ್ಲಿ (ಗ್ಯಾಸ್ ಇಲ್ಲದೆ ಬರೀ ತಾಪ ಕಾಯುವ ಪೆಟ್ಟಿಗೆ) ಆರಾಮಾಗಿ ಬೆಳೆಯುತ್ತಿವೆ. ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ ತೋಟದ ಔಷಧಿ), ಅಡಿಕೆ ಬೇಯಿಸಿದ ಚೊಗರು, ಅಂಟುವಾಳ ಎಲ್ಲವನ್ನೂ ಅವುಗಳ ಮೇಲೆ ಹಾಕಿ ನೋಡಿದ್ದೇನೆ. ಬೇರೆ ಬೇರೆ ತಿಂಗಳಲ್ಲಿ ಮಾಡಿದ ಪ್ಲೇಟುಗಳ ಅಂಕಿ ಒಂದಕ್ಕೊಂದು ಕೂಡಿ ಬರುತ್ತಿವೆ. ಅದಕ್ಕೇ ಬರೆಯುತ್ತಿದ್ದೇನೆ. ಪ್ಯಾಸೇಜ್ ಮಾಡೋದು, ಎಣಿಸೋದು, ಫ್ರೀಜ್ ಮಾಡೋದು ನಿಮಗೆಲ್ಲ ಗೊತ್ತಿರುತ್ತದೆ. ಅದನ್ನು ಬಿಡುತ್ತೇನೆ.

ಮೊದಲು ಎಲ್ಲರ ಹಾಗೆ ಹೆಪ್‌ಜಿ2 ಹಿಡಿದೆ. ಮನುಷ್ಯನ ಲಿವರ್ ಸೆಲ್, ಎಂಟಿಟಿ ಪರೀಕ್ಷೆ (ಹಾಕಿದ ಬಣ್ಣವನ್ನು ಜೀವಂತ ಸೆಲ್ ನೇರಳೆ ಮಾಡುತ್ತದೆ), ಯಾವ ಪೇಪರ್ ತೆಗೆದರೂ ಅದೇ ಅಲ್ವಾ. ಅದಕ್ಕೆ 37 ಡಿಗ್ರಿ ಬೇಕು, ಶೇಕಡಾ 5 ಸಿಒಟು ಬೇಕು, ಎರಡೂ ಹಗಲು ರಾತ್ರಿ ಬೇಕು. ನಮ್ಮಲ್ಲಿ ಜೂನ್ ಕೊನೆಗೆ ಗಾಳಿಮಳೆ ಹಿಡಿಯಿತು ಅಂದರೆ ಎಲ್ಲೋ ಒಂದು ಮರ ಬಿದ್ದು ಕರೆಂಟ್ ಹೋಗುತ್ತದೆ, ಬರೋದು ಯಾವಾಗ ಅಂತ ಹೇಳೋಕೆ ಆಗೋದಿಲ್ಲ, ಯುಪಿಎಸ್ ಮೂರ್ನಾಲ್ಕು ಗಂಟೆ ಎಳೆಯುತ್ತದೆ, ಆಮೇಲೆ ಮೀಡಿಯಾ (ಸೆಲ್ ಬೆಳೆಯುವ ದ್ರವ) ಸಿಒಟು ತಪ್ಪಿ, ಪಿಎಚ್ ಏರಿ ನೇರಳೆಗೆ ತಿರುಗುತ್ತಾ ಹೋಗುತ್ತದೆ. ಸಿಲಿಂಡರ್ ತರುವ ಗಾಡಿ ಮಳೆಯಲ್ಲಿ ಹೇಳಿದ ದಿನ ಬರೋದಿಲ್ಲ.

ಇದೆಲ್ಲ ಸಹಿಸಬಹುದು. ಸಹಿಸೋಕೆ ಆಗದ್ದು ಬೂಷ್ಟು. ಸಿಒಟು ಒಳಗೆ ಹೋಗಲಿ ಅಂತ ಫ್ಲಾಸ್ಕಿನ ಮುಚ್ಚಳ ಸಡಿಲ ಬಿಡಬೇಕು, ಇಲ್ಲಾ ದುಬಾರಿ ಫಿಲ್ಟರ್ ಮುಚ್ಚಳದ್ದು ತರಬೇಕು. ಇನ್‌ಕ್ಯುಬೇಟರ್ ಒಳಗೆ ತೇವಕ್ಕೆ ಅಂತ ನೀರಿನ ತಟ್ಟೆ ಬೇರೆ. ಹೊರಗೆ ಗೋಡೆ, ಚಪ್ಪಲಿ, ಪುಸ್ತಕ ಎಲ್ಲದಕ್ಕೂ ಬೂಷ್ಟು ಹಿಡಿಯುವ ತಿಂಗಳು. ಸಡಿಲ ಮುಚ್ಚಳದ ಫ್ಲಾಸ್ಕ್ ಉಳಿಯೋದು ಎಲ್ಲಿಂದ? ಒಂದೇ ಮಳೆಗಾಲದಲ್ಲಿ ಸೀರಮ್ (ಮೀಡಿಯಾಕ್ಕೆ ಹಾಕುವ ರಕ್ತದ ತಿಳಿ ಭಾಗ), ಫ್ಲಾಸ್ಕ್, ಗ್ಯಾಸ್ ಸೇರಿ ಒಂದೂಕಾಲು ಲಕ್ಷದ ಹತ್ತಿರ ಹೋಯಿತು. ಅದು ಗ್ರಾಂಟ್ ದುಡ್ಡಲ್ಲ, ಅಡಿಕೆ ದುಡ್ಡು.

ದಾರಿ ಸಿಕ್ಕಿದ್ದು ಟ್ರೌಟ್ ಮೀನಿನಿಂದ. ರೇನ್‌ಬೋ ಟ್ರೌಟ್ ಕಿವಿರಿನ ಆರ್‌ಟಿಗಿಲ್-ಡಬ್ಲ್ಯೂ1 ಅನ್ನೋ ಸೆಲ್ ಲೈನ್ (ಲ್ಯಾಬಿನಲ್ಲಿ ಬೆಳೆಸುತ್ತಾ ಉಳಿಸಿಕೊಂಡ ಸೆಲ್ ತಳಿ) ಇದೆ, 1994ರಷ್ಟು ಹಳೆಯದು. ಅದನ್ನಿಟ್ಟು ನೀರು ಮತ್ತು ರಾಸಾಯನಿಕಗಳ ವಿಷ ಅಳೆಯೋಕೆ 2019ರಲ್ಲಿ ಐಎಸ್‌ಒ 21115 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಬಂತು, 2021ರಲ್ಲಿ ಒಇಸಿಡಿ 249 ಅನ್ನೋ ಪರೀಕ್ಷಾ ಮಾರ್ಗಸೂಚಿ ಬಂತು. ನನ್ನ ಕಣ್ಣಿಗೆ ಬಿದ್ದದ್ದು ಅದರ ಮೀಡಿಯಾ. ಎಲ್-15 ಮೀಡಿಯಾದ ಬಫರ್ (ಪಿಎಚ್ ಹಿಡಿದಿಡುವ ವಸ್ತು) ಬೈಕಾರ್ಬೊನೇಟ್ ಮೇಲೆ ನಿಂತಿಲ್ಲ. ಸಾಮಾನ್ಯ ಗಾಳಿಯಲ್ಲೇ ಪಿಎಚ್ ನಿಲ್ಲುತ್ತದೆ. ಅಂದರೆ ಸಿಲಿಂಡರ್ ಬೇಡ. ಅಂದರೆ ಮುಚ್ಚಳ ಬಿಗಿಯಾಗಿ ತಿರುಗಿಸಿ, ಮೇಲೆ ಪ್ಯಾರಾಫಿಲ್ಮ್ ಸುತ್ತಿ ಇಡಬಹುದು. ಇಷ್ಟೇ ಒಂದು ವಿಷಯಕ್ಕೆ ನನ್ನ ಬೂಷ್ಟಿನ ಕಾಟ ಹತ್ತರಲ್ಲಿ ಒಂಬತ್ತು ಪಾಲು ಕಡಿಮೆಯಾಯಿತು. ಉಳಿದ ಒಂದು ಪಾಲು ರಟ್ಟಿನ ಡಬ್ಬಗಳದ್ದು. ಪ್ಲಾಸ್ಟಿಕ್ ಸಾಮಾನು ಬರುವ ರಟ್ಟಿನ ಡಬ್ಬ ಯಾವುದನ್ನೂ ಕಲ್ಚರ್ ರೂಮಿನ ಒಳಗೆ ಬಿಡಬೇಡಿ, ತೇವ ಹೀರಿಕೊಂಡು ಬೂಷ್ಟಿನ ಗೂಡಾಗುತ್ತದೆ.

ಟ್ರೌಟ್ ಸೆಲ್‌ಗೆ 19 ಡಿಗ್ರಿ ಬೇಕು, ಅದು ತಣ್ಣೀರಿನ ಮೀನು. ನನಗೆ ನಮ್ಮ ನೀರಿನ ಮೀನು ಬೇಕಿತ್ತು. ಲಖನೌನ ಎನ್‌ಬಿಎಫ್‌ಜಿಆರ್ ಅನ್ನೋ ಸರಕಾರಿ ಮೀನು ಸಂಶೋಧನಾ ಸಂಸ್ಥೆಯಲ್ಲಿ ಮೀನಿನ ಸೆಲ್ ಲೈನ್‌ಗಳ ರಾಷ್ಟ್ರೀಯ ಭಂಡಾರ ಇದೆ. ರೋಹು ಕಿವಿರಿನ ಸೆಲ್‌ಗೆ 28 ಡಿಗ್ರಿ ಸಾಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ನಮ್ಮ ರೂಮು 23, 24ಕ್ಕೆ ಇಳಿಯುತ್ತದೆ, ಸೆಲ್ ಸ್ವಲ್ಪ ನಿಧಾನ ಬೆಳೆಯುತ್ತದೆ ಅಷ್ಟೇ, ಸಾಯೋದಿಲ್ಲ. ತುಂಗೆಯ ಮಹಸೀರ್ ಕೂಡ ರೋಹು ಸೇರಿದ ಕಾರ್ಪ್ ಕುಟುಂಬದ್ದೇ. ಹಾಗಾಗಿ ಟ್ರೌಟ್‌ಗಿಂತ ಇದು ನಮಗೆ ಹತ್ತಿರ. ಫ್ಲಾಸ್ಕ್ ಕತ್ತಿನ ತನಕ ಮೀಡಿಯಾ ತುಂಬಿಸಿ ಬರೀ ಕೊರಿಯರ್‌ನಲ್ಲಿ ಕಳಿಸಿದರೂ ಮೀನಿನ ಸೆಲ್ ತಡೆಯುತ್ತದೆ, ಡ್ರೈ ಐಸ್ ಖರ್ಚಿಲ್ಲ. ಒಂದು ಮಾತು ಸ್ಪಷ್ಟ ಹೇಳಬೇಕು. ರೋಹು ಸೆಲ್‌ನಲ್ಲಿ ಮಾಡಿದ್ದನ್ನು ಒಇಸಿಡಿ 249 ಪರೀಕ್ಷೆ ಅಂತ ರಿಪೋರ್ಟಿನಲ್ಲಿ ಬರೆಯೋ ಹಾಗಿಲ್ಲ. ಅದು ಟ್ರೌಟ್ ಲೈನ್‌ಗೆ ಮಾತ್ರ. ನಾನು ಅದರ ದಾರಿ ಹಿಡಿದಿದ್ದೇನೆ, ಪರೀಕ್ಷೆ ಸರಿ ನಡೆದಿದೆಯಾ ನೋಡೋಕೆ ಅದರಲ್ಲಿ ಹೇಳಿದ ಕಂಟ್ರೋಲ್ ವಿಷ 3,4-ಡೈಕ್ಲೋರೋಅನಿಲಿನ್ ಅನ್ನೂ ಪ್ರತಿ ಸಲ ಹಾಕುತ್ತೇನೆ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಪೂರ್ತಿ ಲ್ಯಾಬಿಗೆ ಅಂತ ಒಬ್ಬರು ಕೊಟ್ಟ ಕೊಟೇಶನ್ 22 ಲಕ್ಷ ದಾಟಿತ್ತು. ನನಗೆ ಆದದ್ದು ಏಳು, ಏಳೂವರೆ. ಅದರಲ್ಲಿ ಅರ್ಧ ಹಳೆಯ ಫ್ಲೋರೆಸೆನ್ಸ್ ಪ್ಲೇಟ್ ರೀಡರ್‌ಗೆ (ಬಣ್ಣದ ಹೊಳಪು ಅಳೆಯುವ ಯಂತ್ರ) ಹೋಯಿತು. ಅದನ್ನು ಉಳಿಸೋಕೆ ಹೋಗಬೇಡಿ, ಮುಂದೆ ಹೇಳುತ್ತೇನೆ ಯಾಕೆ ಅಂತ. ಸೆಲ್ ಜೀವಂತ ಇದೆಯಾ ತೋರಿಸುವ ಬಣ್ಣ ಆಲಮಾರ್ ಬ್ಲೂ, ಅದರ ಬಾಟಲಿ ಕೊಳ್ಳಬೇಡಿ. ಅದರೊಳಗೆ ಇರೋದು ರಿಸಾಜುರಿನ್. ಪುಡಿ ತಂದು ನೀವೇ ಕರಗಿಸಿ ಫಿಲ್ಟರ್ ಮಾಡಿ ಕತ್ತಲಲ್ಲಿ ಇಡಿ. ಐದು ಗ್ರಾಂ ನನಗೆ ವರ್ಷಗಟ್ಟಲೆ ಬರುತ್ತದೆ. ಸೀರಮ್ ಮಾತ್ರ ತಪ್ಪಿಸೋಕೆ ಆಗಿಲ್ಲ, ಬೆಳೆಸುವಾಗ ಶೇಕಡಾ 10ರಿಂದ 15 ಬೇಕೇ ಬೇಕು.

ಈಗ ಮುಖ್ಯ ವಿಷಯ, ತಾಮ್ರ. ಅಡಿಕೆಯ ಕೊಳೆ ರೋಗಕ್ಕೆ ನಾವೆಲ್ಲ ಹೊಡೆಯುವ ಶೇಕಡಾ 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಅಂದರೆ ಡ್ರಮ್ಮಿಗೆ 250 ಗ್ರಾಂ ತಾಮ್ರ. ಅದು ಮಳೆಗೆ ತೊಳೆದು ತೋಟದ ಕಪ್ಪಿಗೆ (ಬಸಿಗಾಲುವೆಗೆ), ಅಲ್ಲಿಂದ ಹಳ್ಳಕ್ಕೆ ಹೋದಾಗ ಮೀನಿನ ಕಿವಿರಿಗೆ ಏನಾಗುತ್ತದೆ ಅನ್ನೋದು ನನ್ನ ಪ್ರಶ್ನೆ. ಮೀನನ್ನೇ ತೊಟ್ಟಿಗೆ ಹಾಕಿ ನೋಡಬಹುದಲ್ಲ ಅಂತ ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ಕೇಳಿದರು. ಆ ಪರೀಕ್ಷೆಯೂ ಇದೆ, ಒಇಸಿಡಿ 203, 96 ಗಂಟೆ, ಒಂದೊಂದು ಪ್ರಮಾಣಕ್ಕೂ ಕನಿಷ್ಠ ಏಳು ಮೀನು. ಐದು ಪ್ರಮಾಣ, ಒಂದು ಕಂಟ್ರೋಲ್ ಅಂದರೆ ಒಂದು ಸ್ಯಾಂಪಲ್‌ಗೆ 42 ಮೀನು ಒದ್ದಾಡೋದನ್ನು ನೋಡುತ್ತಾ ಕೂರಬೇಕು. ನನ್ನ ಹತ್ತಿರ ಇರುವ ಸ್ಯಾಂಪಲ್ ಸಂಖ್ಯೆಗೆ ಅದು ಸಾವಿರಾರು ಮೀನು. ನಾನು ಮಾಡೋದಿಲ್ಲ.

ಶುರುವಿನಲ್ಲಿ ತಾಮ್ರ ಏನೂ ಮಾಡಲಿಲ್ಲ. ಲೀಟರಿಗೆ 20 ಮಿಲಿಗ್ರಾಂ ಹಾಕಿದರೂ ಸೆಲ್ ಚೆನ್ನಾಗಿಯೇ ಇದ್ದವು. "ನೋಡಿ, ನಿಮ್ಮ ಸೆಲ್‌ಗೆ ಗೊತ್ತೇ ಆಗೋದಿಲ್ಲ" ಅಂದವರಿಗೆ ಆಗ ಉತ್ತರ ಕೊಡೋಕೆ ಆಗಲಿಲ್ಲ. ಅಡ್ಡ ಬಂದದ್ದು ಮೀಡಿಯಾ. ಎಲ್-15ರಲ್ಲಿ ಅಮೈನೋ ಆಮ್ಲ ಜಾಸ್ತಿ, ಅದರಲ್ಲೂ ಹಿಸ್ಟಿಡಿನ್ ತಾಮ್ರವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಸೀರಮ್ ಇದ್ದರೆ ಅದರ ಆಲ್ಬುಮಿನ್ ಉಳಿದದ್ದನ್ನು ಹಿಡಿಯುತ್ತದೆ. ಸೆಲ್‌ಗೆ ತಲುಪೋಕೆ ಬಿಡಿ ತಾಮ್ರ ಉಳಿಯೋದೇ ಇಲ್ಲ. ಅದಕ್ಕೇ ಪರೀಕ್ಷೆಯ 24 ಗಂಟೆಗೆ ಎಲ್-15/ಇಎಕ್ಸ್ ಅನ್ನೋ ಬಡ ಮೀಡಿಯಾ ಬಳಸಬೇಕು: ಲವಣಗಳು, ಗ್ಯಾಲಕ್ಟೋಸ್, ಪೈರುವೇಟ್, ಅಷ್ಟೇ. ಅಮೈನೋ ಆಮ್ಲ ಇಲ್ಲ, ವಿಟಮಿನ್ ಇಲ್ಲ, ಸೀರಮ್ ಇಲ್ಲ. ಇದನ್ನು ಕೊಳ್ಳಬೇಕಾಗಿಲ್ಲ, ಉಪ್ಪುಗಳನ್ನು ತೂಗಿ ಮನೆಯಲ್ಲೇ ಮಾಡಬಹುದು, ಲೀಟರಿಗೆ ನೂರು ರೂಪಾಯಿಯೂ ಬೀಳೋದಿಲ್ಲ. ಅದರಲ್ಲಿ ಹಾಕಿದ ಮೇಲೆ ಅದೇ ತಾಮ್ರ ಮೂರು ಮಿಲಿಗ್ರಾಂ ಆಸುಪಾಸಿನಲ್ಲೇ ಅರ್ಧದಷ್ಟು ಸೆಲ್ ಕೊಂದಿತು. ಕನಿಷ್ಠ ಆರೇಳು ಪಟ್ಟು ವ್ಯತ್ಯಾಸ, ವಿಷ ಅದೇ, ಸೆಲ್ ಅದೇ. ಪೂರ್ತಿ ಮೀಡಿಯಾದಲ್ಲಿ ಲೋಹ ಪರೀಕ್ಷಿಸಿ "ಸುರಕ್ಷಿತ" ಅಂತ ಬರೆದ ಫಲಿತಾಂಶ ಯಾರೇ ತೋರಿಸಲಿ, ಮೊದಲು ಮೀಡಿಯಾ ಯಾವುದು ಅಂತ ಕೇಳುತ್ತೇನೆ.

ಆದರೂ ಈ ಬಡ ಮೀಡಿಯಾದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದೆ. ನಮ್ಮ ಹಳ್ಳಗಳ ನೀರು ಬಹಳ ಮೆದು, ಕ್ಯಾಲ್ಸಿಯಂ ಕಡಿಮೆ. ಕಿವಿರಿನಲ್ಲಿ ತಾಮ್ರಕ್ಕೆ ಪೈಪೋಟಿ ಕೊಡುವುದರಲ್ಲಿ ಕ್ಯಾಲ್ಸಿಯಂ ಕೂಡ ಒಂದು. ಹಾಗಾಗಿ ಮೆದು ನೀರಿನಲ್ಲಿ ತಾಮ್ರ ಇನ್ನೂ ಕೆಟ್ಟದ್ದು. ಉಪ್ಪು ಇಳಿಸಿಯೂ ಸೆಲ್ ಒಡೆಯದ ಹಾಗೆ ಒಂದು ಮೀಡಿಯಾ ಕೂಡಿಸಿದ್ದೇನೆ. ಅದರ ಅಳತೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬೋರ್ಡೋವನ್ನು ನೇರವಾಗಿ ಪ್ಲೇಟಿಗೆ ಸುರಿದರೆ ನೀಲಿ ಗಸಿ ಸೆಲ್ ಮೇಲೆ ಕೂತು ಬಣ್ಣ ಓದೋಕೆ ಬಿಡೋದಿಲ್ಲ. 0.45 ಮೈಕ್ರಾನ್ ಫಿಲ್ಟರ್ ಹಾಯಿಸಿ, ಪಿಎಚ್ ಸರಿ ಮಾಡಿ, ಫಿಲ್ಟರ್ ನೀರಿನ ತಾಮ್ರವನ್ನು ಹೊರಗೆ ಎಎಎಸ್ ಅನ್ನೋ ಲೋಹ ಅಳೆಯುವ ಯಂತ್ರದಲ್ಲಿ ಅಳೆಸಿ ಹಾಕುತ್ತೇನೆ. ಸ್ಯಾಂಪಲ್‌ಗೆ 400, 500 ರೂಪಾಯಿ ಆಗುತ್ತದೆ, ಬಿಡಬೇಡಿ. ಹಾಕಿದ್ದು ಎಷ್ಟು ಅನ್ನೋದಕ್ಕಿಂತ ಇದ್ದದ್ದು ಎಷ್ಟು ಅನ್ನೋದು ಮುಖ್ಯ. ಇಲ್ಲಿ ಒಂದು ಚಂದದ ವಿಷಯ ಸಿಕ್ಕಿತು. ದ್ರಾವಣ ಹದ ಬಂದಿದೆಯಾ ನೋಡೋಕೆ ತೋಟದವರು ಕತ್ತಿ ಅದ್ದುತ್ತಾರೆ, ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಕತ್ತಿ ಕೆಂಪಾಗದ ದ್ರಾವಣದ ಫಿಲ್ಟರ್ ನೀರಿಗೆ ನನ್ನ ಸೆಲ್‌ಗಳು ಹೆಚ್ಚು ಕಡಿಮೆ ಏನೂ ಆಗಲಿಲ್ಲ. ಕತ್ತಿ ಕೆಂಪಾದ ದ್ರಾವಣ ನೂರು ಪಟ್ಟು ತೆಳು ಮಾಡಿದರೂ ಕೊಂದಿತು. ಹೊಸನಗರ, ತೀರ್ಥಹಳ್ಳಿ, ಸಾಗರ ಮೂರೂ ಕಡೆಯ ಡ್ರಮ್ಮುಗಳಿಂದ ತಂದದ್ದರಲ್ಲಿ ಇದೇ ಬಂತು. ಹಳೆಯ ಸುಣ್ಣ, ಗಾಳಿಗೆ ಬಿಟ್ಟು ಸತ್ವ ಹೋದ ಸುಣ್ಣ ಹಾಕಿದವರದ್ದೇ ಹೆಚ್ಚು ಕೆಟ್ಟದ್ದು. ಕತ್ತಿ ಪರೀಕ್ಷೆ ಬಿಟ್ಟವರು ದಯವಿಟ್ಟು ಮತ್ತೆ ಶುರು ಮಾಡಿ.

ಚೊಗರು ಬೇರೆಯೇ ಕಥೆ. ಅಡಿಕೆ ಬೇಯಿಸಿದ ಚೊಗರಿನಲ್ಲಿ ಟ್ಯಾನಿನ್ ತುಂಬಿರುತ್ತದೆ. ಹೆಪ್‌ಜಿ2 ಕಾಲದಲ್ಲಿ ಎಂಟಿಟಿ ಮಾಡಿದಾಗ ಚೊಗರು ಹಾಕಿದ ಬಾವಿಗಳಲ್ಲಿ (ಪ್ಲೇಟಿನ ಗುಳಿಗಳಲ್ಲಿ) ಸೆಲ್ ಜೀವ ಶೇಕಡಾ 140 ಅಂತ ಬರುತ್ತಿತ್ತು! ಸೆಲ್ಲೇ ಇಲ್ಲದ ಬಾವಿಗೆ ಚೊಗರು, ಎಂಟಿಟಿ ಹಾಕಿ ನೋಡಿದೆ, ಅಲ್ಲೂ ನೇರಳೆ. ಟ್ಯಾನಿನ್ ತಾನೇ ಎಂಟಿಟಿಯನ್ನು ಬಣ್ಣಕ್ಕೆ ತಿರುಗಿಸುತ್ತದೆ. ಗಿಡಮೂಲಿಕೆ ಕಷಾಯಗಳನ್ನು ಎಂಟಿಟಿಯಲ್ಲಿ ಮಾತ್ರ ನೋಡಿ ಸುರಕ್ಷಿತ ಅನ್ನುವವರು ಈ ಖಾಲಿ ಬಾವಿ ಇಟ್ಟಿದ್ದಾರಾ ಅಂತ ನೋಡಿ. ರಿಸಾಜುರಿನ್‌ಗೂ ಇದೇ ಅಪಾಯ ಇದೆ. ಅದಕ್ಕೇ ಮೂರು ಬಣ್ಣ: ಉಸಿರಾಟದ ಚಟುವಟಿಕೆಗೆ ರಿಸಾಜುರಿನ್, ಪೊರೆಗೆ ಸಿಎಫ್‌ಡಿಎ-ಎಎಂ, ಲೈಸೋಸೋಮ್‌ಗೆ ನ್ಯೂಟ್ರಲ್ ರೆಡ್. ಚೊಗರು ತೆಗೆದು, ತೊಳೆದು, ಆಮೇಲೆ ಬಣ್ಣ. ಮೂರನ್ನೂ ಅದೇ ಸೆಲ್ ಮೇಲೆ ಓದಬಹುದು, ಆದರೆ ಫ್ಲೋರೆಸೆನ್ಸ್ ರೀಡರ್ ಬೇಕು. ಅದಕ್ಕೇ ಅಲ್ಲಿ ದುಡ್ಡು ಉಳಿಸಬೇಡಿ ಅಂದದ್ದು. ಎಷ್ಟು ಸಲ, ಯಾವುದರಲ್ಲಿ ತೊಳೆಯಬೇಕು ಅನ್ನೋದನ್ನು ನೀವೇ ಕಂಡುಕೊಳ್ಳಿ, ನನಗೆ ಅದಕ್ಕೆ ಒಂದು ಬೇಸಿಗೆ ಹಿಡಿಯಿತು.

ಸುಮ್ನೆ ಕುತೂಹಲಕ್ಕೆ ಪೈರುವೇಟ್ ಬಿಟ್ಟು ಮೀಡಿಯಾ ಮಾಡಿದೆ. ಚೊಗರಿನ ವಿಷ ಒಮ್ಮೆಲೇ ಏರಿತು. ಪೆರಾಕ್ಸೈಡ್ ಒಡೆಯುವ ಕ್ಯಾಟಲೇಸ್ ಕಿಣ್ವ ಹಾಕಿದರೆ ಮತ್ತೆ ಇಳಿಯಿತು. ಅಂದರೆ ಪಾಲಿಫೀನಾಲ್‌ಗಳು ಮೀಡಿಯಾದಲ್ಲಿ ಗಾಳಿ ತಾಗಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತಿದ್ದವು, ಪೈರುವೇಟ್ ಇಷ್ಟು ದಿನ ಅದನ್ನು ನುಂಗುತ್ತಿತ್ತು. ಚೊಗರಿಗೆ ಈಗ ಎರಡೂ ಮೀಡಿಯಾದಲ್ಲಿ ನೋಡಿ ಎರಡೂ ಅಂಕಿ ಕೊಡುತ್ತೇನೆ.

ಇನ್ನೊಂದು ಅಡ್ಡದಾರಿ ಹಿಡಿದೆ. ಹಿಂದೆ ನಮ್ಮಲ್ಲಿ ಕಾರೆಕಾಯಿ ಜಜ್ಜಿ ಗುಂಡಿಗೆ ಹಾಕಿ ಮೀನು ಹಿಡಿಯುತ್ತಿದ್ದರು. ಅದರಲ್ಲಿರೋದು ಸಪೋನಿನ್, ಅಂಟುವಾಳದಲ್ಲೂ ಅದೇ ಜಾತಿಯದ್ದು. ಎರಡನ್ನೂ ಹಾಕಿದೆ. ಮೊದಲ ಗಂಟೆಯಲ್ಲೇ ಸಿಎಫ್‌ಡಿಎ ಬಿತ್ತು, ಉಳಿದೆರಡು ಆಮೇಲೆ ಬಿದ್ದವು. ಪೊರೆಗೆ ತೂತು ಬಿದ್ದದ್ದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ತಾಮ್ರದಲ್ಲಿ ಸಾಲು ಬೇರೆ, ಅಲ್ಲಿ ರಿಸಾಜುರಿನ್ ಮುಂದೆ. ಮೂರು ಬಣ್ಣ ಬೀಳುವ ಸಾಲು ನೋಡಿಯೇ ಈಗ ವಿಷ ಯಾವ ಬಗೆಯದು ಅಂತ ಅಂದಾಜು ಹೇಳುತ್ತೇನೆ, ಬಹುಪಾಲು ಸರಿಯಾಗುತ್ತದೆ.

ಈ ಸೆಲ್‌ಗೆ ಗೊತ್ತಾಗದ್ದೂ ಇದೆ. ನರಕ್ಕೆ ಹೊಡೆಯುವ ವಿಷ ಕಿವಿರಿನ ಸೆಲ್‌ಗೆ ತಿಳಿಯೋದಿಲ್ಲ. ಟ್ರೌಟ್ ಸೆಲ್‌ನಲ್ಲೂ ಪರ್ಮೆಥ್ರಿನ್, ಲಿಂಡೇನ್ ಥರದ ಕೀಟನಾಶಕಗಳು ನಿಜಕ್ಕಿಂತ ಬಹಳ ಸೌಮ್ಯವಾಗಿ ಕಂಡಿವೆ. ಲಿವರ್‌ನಲ್ಲಿ ಬದಲಾದ ಮೇಲೆ ವಿಷವಾಗುವ ಅಲೈಲ್ ಆಲ್ಕೋಹಾಲ್ ಕೂಡ ತಪ್ಪಿಸಿಕೊಂಡಿದೆ. ಚೊಗರು ಹಳ್ಳದಲ್ಲಿ ಕೊಳೆತು ಆಮ್ಲಜನಕ ತಿಂದು ಮೀನಿಗೆ ಉಸಿರು ಕಟ್ಟಿಸಿದರೆ ಅದೂ ಇಲ್ಲಿ ಗೊತ್ತಾಗೋದಿಲ್ಲ. ಅದಕ್ಕೆ ಆಮ್ಲಜನಕ ಎಷ್ಟು ಖರ್ಚಾಗುತ್ತದೆ ಅಂತ ಅಳೆಯುವ ಬಿಒಡಿ ಪರೀಕ್ಷೆಯೇ ಆಗಬೇಕು.

ಹಾಗಾಗಿ ಪೈರೆಥ್ರಾಯ್ಡ್ (ಪರ್ಮೆಥ್ರಿನ್ ಜಾತಿಯ) ಔಷಧಿ ತಂದು ಕೊಟ್ಟರೆ ನಾನು ತೆಗೆದುಕೊಳ್ಳೋದಿಲ್ಲ. ತಾಮ್ರದ್ದು, ಸಾಬೂನಿನದ್ದು, ಚೊಗರಿನದ್ದು ಬೇಕಾದರೆ ತನ್ನಿ, ಎಎಎಸ್ ಬಿಟ್ಟು ಸ್ಯಾಂಪಲ್‌ಗೆ 1500 ತೆಗೆದುಕೊಳ್ಳುತ್ತಿದ್ದೇನೆ, ಗಾಜಿನ ಬಾಟಲಿಯಲ್ಲಿ ಬೇಡ, ಆಸಿಡ್‌ನಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ತನ್ನಿ, ಡ್ರಮ್ ಕಲಸಿದ ದಿನವೇ ತುಂಬಿಸಿದ್ದಾದರೆ ಒಳ್ಳೇದು. ಸ್ವಂತ ಲ್ಯಾಬ್ ಮಾಡುವವರು ಸೆಪ್ಟೆಂಬರ್‌ವರೆಗೆ ಕಾಯಬೇಡಿ. ಮಳೆಯಲ್ಲೇ ಶುರು ಮಾಡಿ, ಮಳೆಯಲ್ಲಿ ನಿಂತ ಫ್ಲಾಸ್ಕ್ ವರ್ಷಪೂರ್ತಿ ನಿಲ್ಲುತ್ತದೆ.