ರೂಬಿ ಲೈಬ್ರರಿಯ ಕ್ಲಾಸ್‌ಗಳಿಗೆ ಮೆಥಡ್ ಹುಕ್ ಅಳವಡಿಸುವ ವಿಧಾನ

ರೂಬಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಮೂಲ ಮೆಥಡ್‌ನ (ಹೆಸರಿಟ್ಟ ಕೋಡ್ ತುಣುಕಿನ) ಒಂದು ಸಾಲನ್ನೂ ಮುಟ್ಟದೆ, ಅದು ಓಡುವ ಮುನ್ನ ಅಥವಾ ಓಡಿದ ನಂತರ ಬೇರೊಂದು ಕೆಲಸ ತಾನಾಗಿ ನಡೆಯುವಂತೆ ಮಾಡುವುದೇ ಹುಕ್‌ನ ಉದ್ದೇಶ. ಹಿಂದೆ ಮೂಲ ಮೆಥಡ್‌ಗೆ ಏಲಿಯಾಸ್ (ಇನ್ನೊಂದು ಹೆಸರು) ಕೊಟ್ಟು, ಹಳೆಯ ಹೆಸರಿನಲ್ಲಿ ಹೊಸ ಮೆಥಡ್ ಬರೆಯುವ ರೂಢಿಯಿತ್ತು. 2013ರ ರೂಬಿ 2.0 ಆವೃತ್ತಿಯಲ್ಲಿ ಪ್ರಿಪೆಂಡ್, ಅಂದರೆ ಮಾಡ್ಯೂಲ್ ಎಂಬ ಮೆಥಡ್‌ಗಳ ಕಟ್ಟನ್ನು ಕ್ಲಾಸ್‌ನ ಮುಂದೆ ಜೋಡಿಸುವ ಸೌಲಭ್ಯ, ಬಂದ ಮೇಲೆ, ಹೊಸ ಲೈಬ್ರರಿಯಲ್ಲಿ ಆ ದಾರಿ ಹಿಡಿಯಲು ಕಾರಣ ಉಳಿದಿಲ್ಲ. ಪ್ರಿಪೆಂಡ್ ಮಾಡಿದ ಮಾಡ್ಯೂಲ್ ಮೆಥಡ್ ಹುಡುಕಾಟದ ಸರತಿಯಲ್ಲಿ ಕ್ಲಾಸ್‌ಗಿಂತ ಮುಂದೆ ನಿಲ್ಲುತ್ತದೆ. ಸರತಿಯಲ್ಲಿ ಮುಂದಿರುವ ಅದೇ ಹೆಸರಿನ ಮೆಥಡ್ ಕರೆಯುವ ಸೂಪರ್ ತನ್ನ ಗುರಿಯನ್ನು ಕರೆಯ ಹೊತ್ತಿನಲ್ಲಿ ಹುಡುಕುವುದರಿಂದ, ಮೆಥಡ್ ಬರೆಯುವ ಮುಂಚೆಯೇ ಹುಕ್ ಘೋಷಿಸಬಹುದು.

ಅಕೌಂಟ್ ಎಂಬ ಕ್ಲಾಸ್‌ನಲ್ಲಿ ‘ವಿತ್‌ಡ್ರಾ’ಗೆ ಮುನ್ನ ‘ಚೆಕ್_ಲಿಮಿಟ್’ ಓಡಬೇಕು ಎಂದುಕೊಳ್ಳೋಣ. ಲೈಬ್ರರಿಯಲ್ಲಿ ಹುಕ್ಸ್ ಎಂಬ ಮಾಡ್ಯೂಲ್ ಮಾಡಿ, ಅದರಲ್ಲಿ ಎರಡು ಸಿಂಬಲ್‌ಗಳನ್ನು (ಎರಡು ಮೆಥಡ್‌ಗಳ ಹೆಸರುಗಳನ್ನು) ಪಡೆಯುವ ‘ಬಿಫೋರ್’ ಮೆಥಡ್ ಬರೆಯಿರಿ. ಅಕೌಂಟ್ ಅದನ್ನು ಎಕ್ಸ್‌ಟೆಂಡ್ ಮಾಡಿಕೊಳ್ಳಲಿ, ಆಗ ಬಿಫೋರ್ ಅನ್ನು ಕ್ಲಾಸ್‌ನಲ್ಲೇ ಕರೆಯಬಹುದು. ಬಿಫೋರ್ ಪ್ರತಿ ಬಾರಿಯೂ ಹೆಸರಿಲ್ಲದ ಹೊಸ ಮಾಡ್ಯೂಲ್ ಸೃಷ್ಟಿಸಿ, ಡಿಫೈನ್_ಮೆಥಡ್ ಮೂಲಕ ಅದರಲ್ಲಿ ವಿತ್‌ಡ್ರಾ ಹೆಸರಿನ ಮೆಥಡ್ ಇಟ್ಟು, ಕೊನೆಗೆ ಅದನ್ನು ಕ್ಲಾಸ್‌ಗೆ ಪ್ರಿಪೆಂಡ್ ಮಾಡಬೇಕು. ಒಂದೇ ಮಾಡ್ಯೂಲ್ ಮರುಬಳಸಿದರೆ, ಅದೇ ಮೆಥಡ್‌ನ ಎರಡನೆಯ ಹುಕ್ ಮೊದಲನೆಯದನ್ನು ಸದ್ದಿಲ್ಲದೆ ಅಳಿಸಿಹಾಕುತ್ತದೆ. ಹೊಸ ಮಾಡ್ಯೂಲ್‌ಗಳಾದರೆ ಎರಡೂ ಉಳಿಯುತ್ತವೆ, ಆದರೆ ಕೊನೆಗೆ ಘೋಷಿಸಿದ್ದು ಮೊದಲು ಓಡುತ್ತದೆ. ಬಳಕೆದಾರರಿಗೆ ಇದನ್ನು ತಿಳಿಸಲೇಬೇಕು.

ಆ ಮೆಥಡ್‌ನ ಒಳಗೆ ಮೊದಲು ಸೆಂಡ್ (ಹೆಸರು ಕೊಟ್ಟು ಮೆಥಡ್ ಕರೆಯುವ ಸೌಲಭ್ಯ) ಮೂಲಕ ಚೆಕ್_ಲಿಮಿಟ್ ಕರೆದು, ನಂತರ ಸೂಪರ್ ಕರೆಯಿರಿ. ಡಿಫೈನ್_ಮೆಥಡ್‌ನಲ್ಲಿ ಆರ್ಗ್ಯುಮೆಂಟ್ (ಮೆಥಡ್‌ಗೆ ಕೊಡುವ ಮೌಲ್ಯ) ಬರೆಯದ ಬರಿಯ ಸೂಪರ್ ನಡೆಯದು, ರನ್‌ಟೈಮ್ ಎರರ್ ಬರುತ್ತದೆ. ಆರ್ಗ್ಯುಮೆಂಟ್‌ಗಳನ್ನು ಒಂದು ನಕ್ಷತ್ರದಿಂದ, ಕೀವರ್ಡ್‌ಗಳನ್ನು ಎರಡು ನಕ್ಷತ್ರದಿಂದ, ಬ್ಲಾಕನ್ನು ಆಂಪರ್‌ಸ್ಯಾಂಡ್‌ನಿಂದ ಸ್ಪಷ್ಟವಾಗಿ ದಾಟಿಸಬೇಕು. 2020ರ ರೂಬಿ 3.0 ಕೀವರ್ಡ್‌ಗಳನ್ನು ಪೂರ್ತಿ ಬೇರ್ಪಡಿಸಿರುವುದರಿಂದ, ಎರಡು ನಕ್ಷತ್ರ ಬಿಟ್ಟರೆ ಅವು ಮೂಲ ಮೆಥಡ್‌ಗೆ ಸಾಮಾನ್ಯ ಹ್ಯಾಶ್ ಆಗಿ ತಲುಪುತ್ತವೆ. ಮಿತಿ ಮೀರಿದಾಗ ಹಣ ತೆಗೆಯುವುದನ್ನು ತಡೆಯಲು ಚೆಕ್_ಲಿಮಿಟ್ ಎಕ್ಸೆಪ್ಶನ್ ಎಸೆಯುವುದೇ ಸರಿ. ಫಾಲ್ಸ್ ಹಿಂದಿರುಗಿಸಿ ತಡೆಯುವ ಪದ್ಧತಿ ಓದುವವರಿಗೆ ಕಣ್ಣಿಗೆ ಬೀಳುವುದಿಲ್ಲ.

‘ಆಫ್ಟರ್’ ಹುಕ್‌ನಲ್ಲಿ ಸೂಪರ್‌ನ ಫಲವನ್ನು ವೇರಿಯಬಲ್‌ನಲ್ಲಿಟ್ಟು ಕೊನೆಯಲ್ಲಿ ಹಿಂದಿರುಗಿಸಿ. ಇಲ್ಲವಾದರೆ ಹುಕ್‌ನ ಫಲವೇ ಹೊರಗೆ ಹೋಗುತ್ತದೆ.

ಹೆಚ್ಚಿನ ಎಚ್ಚರ ಬೇಕಾಗಿರುವುದು ಪ್ರೈವೇಟ್ ಮೆಥಡ್‌ಗಳ ವಿಷಯದಲ್ಲಿ. ಮಾಡ್ಯೂಲ್‌ನಲ್ಲಿ ಹೀಗೆ ಬರೆದ ಮೆಥಡ್ ಪಬ್ಲಿಕ್ ಆಗಿರುವುದರಿಂದ, ಹುಕ್ ಹಾಕಿದ ಕೂಡಲೇ ಒಳಗಿನ ಮೆಥಡ್ ಎಲ್ಲರಿಗೂ ತೆರೆದುಕೊಳ್ಳುತ್ತದೆ. ಪ್ರಿಪೆಂಡ್ ಮಾಡುವ ಮುನ್ನವೇ ಪ್ರೈವೇಟ್_ಮೆಥಡ್_ಡಿಫೈನ್ಡ್ ಮೂಲಕ ಕ್ಲಾಸನ್ನು ಕೇಳಿ, ಹೌದೆಂದರೆ ಮಾಡ್ಯೂಲ್‌ನಲ್ಲೂ ಅದನ್ನು ಪ್ರೈವೇಟ್ ಮಾಡಿ. ಇಂಥ ಮೆಥಡ್‌ಗಳಿಗೆ ಮಾತ್ರ ಹುಕ್ಕಿನ ಸಾಲು ಮೆಥಡ್‌ನ ಕೆಳಗೇ ಇರಬೇಕು.