ಎನ್‌ಎಫ್‌ಎಲ್‌ಗೆ ನಾರ್ಮಲ್ ಎಷ್ಟು ಡಾಕ್ಟ್ರೇ?

"ಶುಗರ್‌ಗೆ ಇಷ್ಟಿರ್ಬೇಕು ಅಂತೀರಲ್ಲ, ಇದಕ್ಕೆ ನಾರ್ಮಲ್ ಎಷ್ಟು ಡಾಕ್ಟ್ರೇ?" ಅಂತ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ಮೆದುಳು-ಬೆನ್ನುಹುರಿಯ ನರಗಳನ್ನ ಹಾಳು ಮಾಡೋ ಖಾಯಿಲೆ) ಇರೋ 32 ವರ್ಷದ ಹೆಣ್ಮಗಳೊಬ್ರು ರಿಪೋರ್ಟ್ ಮಡಚ್ಕೊಂಡು ಕೇಳಿದ್ರು, ನಾನು ಆವಾಗ ಇದಕ್ಕೆ ಹೊಸಬ, ಬಾಯಿಗೆ ಬಂದ ಒಂದು ನಂಬರ್ ಹೇಳಿ ಕಳಿಸಿಬಿಟ್ಟೆ. ಈಗ ಹಂಗೆ ಹೇಳಲ್ಲ.

ಎನ್‌ಎಫ್‌ಎಲ್, ಪೂರ್ತಿ ಹೆಸರು ನ್ಯೂರೋಫಿಲಮೆಂಟ್ ಲೈಟ್ ಚೈನ್, ಅಂದ್ರೆ ನರದ ಎಳೆಯನ್ನ ಒಳಗಿಂದ ಚಪ್ಪರದ ಗಳುವಿನ ಹಂಗೆ ಹಿಡ್ಕೊಂಡಿರೋ ಪ್ರೋಟೀನು. ಎಳೆ ಮುರಿದ್ರೆ ಇದು ಮೊದಲು ಬೆನ್ನುಹುರಿ ಸುತ್ತ ಇರೋ ನೀರಿಗೆ ಸೋರತ್ತೆ, ಅಲ್ಲಿಂದ ಚೂರೇ ಚೂರು ರಕ್ತಕ್ಕೆ, ಅದೂ ಸುಮಾರು ನಲವತ್ತು ಪಟ್ಟು ಕಮ್ಮಿ, ಪಿಕೋಗ್ರಾಂ ಲೆಕ್ಕದಲ್ಲಿ. ಅದಕ್ಕೇ ಮುಂಚೆ ಇದನ್ನ ನೋಡ್ಬೇಕಂದ್ರೆ ಬೆನ್ನಿಗೆ ಸೂಜಿ ಹಾಕ್ಬೇಕಿತ್ತು, ಒಂದೊಂದೇ ಅಣು ಎಣಿಸೋ ಸಿಮೋವಾ ಅನ್ನೋ ವಿಧಾನ 2010ರಲ್ಲಿ ಬಂದ್ಮೇಲೇನೇ ಕೈಯಿಂದ ತೆಗೆದ ರಕ್ತ ಸಾಕು ಅನ್ನೋ ಹಂಗಾಗಿದ್ದು.

ನನ್ನ ಮೊದಲ ತಪ್ಪು ಬೇಸ್‌ಲೈನ್‌ದು, ಅಂದ್ರೆ ಮುಂದೆ ಹೋಲಿಸಕ್ಕೆ ಇಟ್ಕೊಳ್ಳೋ ಮೊದಲ ನಂಬರ್‌ದು. ಆಯಮ್ಮ ಎಂಎಸ್ ಅಟ್ಯಾಕ್ (ಖಾಯಿಲೆ ಇದ್ದಕ್ಕಿದ್ದಂಗೆ ಏಳೋದು) ಆಗಿ ಕಾಲು ಎಳ್ಕೊಂಡು ಬಂದ ವಾರವೇ ರಕ್ತ ತೆಗೆಸಿ ಅದನ್ನೇ ಬೇಸ್‌ಲೈನ್ ಅಂತ ಫೈಲಲ್ಲಿ ಬರೆದೆ. ರಿಟುಕ್ಸಿಮ್ಯಾಬ್ ಕೊಟ್ಟು ಆರು ತಿಂಗಳಿಗೆ ನೋಡಿದ್ರೆ 38 ಇದ್ದದ್ದು 12, ಔಷಧಿ ಎಂಥಾ ಕೆಲಸ ಮಾಡ್ತು ಅಂತ ನಾನೇ ಖುಷಿ ಪಟ್ಟೆ. ಆದ್ರೆ ಅಟ್ಯಾಕ್ ಆದ್ಮೇಲೆ ಏರಿದ್ದು ಕೆಲವು ತಿಂಗಳಲ್ಲಿ ತಾನಾಗೇ ಇಳಿಯತ್ತೆ, ಔಷಧಿದೆಷ್ಟು ತಾನಾಗಿ ಇಳಿದಿದ್ದೆಷ್ಟು ಅಂತ ಆ ಎರಡು ನಂಬರ್‌ನಿಂದ ಯಾರೂ ಹೇಳಕ್ಕಾಗಲ್ಲ. ಈಗ ಅಟ್ಯಾಕ್ ಆಗಿ ಕನಿಷ್ಠ ಮೂರು ತಿಂಗಳು ಸುಮ್ನಿದ್ದು ಆಮೇಲೆ ತೆಗೆಸ್ತೀನಿ.

ಎರಡನೇದು ಟ್ಯೂಬು. ಹಳದಿ ಮುಚ್ಚಳದ್ದರಲ್ಲಿ ಹೋಗ್ಬೇಕಿದ್ದ ರಕ್ತನ ಕಲೆಕ್ಷನ್‌ಗೆ ಬಂದ ಹುಡ್ಗ ಒಂದ್ಸಲ ನೇರಳೆ ಮುಚ್ಚಳದ್ದರಲ್ಲಿ ತಗೊಂಡು ಹೋದ, 9 ಬಂತು, ಮನೆಯವ್ರೆಲ್ಲಾ ಸಂಭ್ರಮ. ಮುಂದಿನ ಸಲ ಸರಿಯಾಗಿ ಹಳದಿದ್ದರಲ್ಲಿ ಹೋಗಿ ಮತ್ತೆ 12 ಬಂದಾಗ ಆಯಮ್ಮ ಮೂರು ರಾತ್ರಿ ನಿದ್ದೆ ಮಾಡಿಲ್ಲ, ಅವರ ಯಜಮಾನ್ರು ಫೋನ್ ಮಾಡಿ "ಖಾಯಿಲೆ ಏಳ್ತಿದೆಯಾ ಸಾರ್" ಅಂತ ಕೇಳಿದ್ರು. ಏನೂ ಎದ್ದಿರಲಿಲ್ಲ, ನೇರಳೆದ್ದರಲ್ಲಿ ಸಿಗೋ ಪ್ಲಾಸ್ಮಾದಲ್ಲಿ ಹಳದಿದ್ದರಲ್ಲಿ ಸಿಗೋ ಸೀರಮ್‌ಗಿಂತ ಸ್ವಲ್ಪ ಕಮ್ಮೀನೇ ತೋರಿಸತ್ತೆ ಅಷ್ಟೆ. ಮಷೀನ್ ಕಂಪನಿ ಬದಲಾದ್ರೂ ಇದೇ ಗೋಳು, ಹಂಗಾಗಿ ಒಂದೇ ಲ್ಯಾಬು, ಒಂದೇ ಟ್ಯೂಬು.

ಇಷ್ಟೆಲ್ಲಾ ಆದ್ಮೇಲೂ ಬಿಡದೆ ಇದನ್ನೇ ಮಾಡಿಸೋಕೆ ಕಾರಣವೂ ಆಯಮ್ಮನೇ. ಎರಡು ವರ್ಷ 11, 12 ಅಂತಿದ್ದದ್ದು ಒಂದ್ಸಲ 27 ಆಯ್ತು, ಹೊಸ ತೊಂದ್ರೆ ಏನೂ ಹೇಳಲ್ಲ, ಮೆದುಳಿನ ಎಂಆರ್‌ಐ ಕಾಂಟ್ರಾಸ್ಟ್ ಹಾಕಿ ನೋಡಿದ್ರೂ ಹೊಸ ಲೀಷನ್, ಅಂದ್ರೆ ಖಾಯಿಲೆಯ ಕಲೆ, ಇಲ್ಲ. ಬಿದ್ರಾ, ತಲೆಗೆ ಏಟಾಯ್ತಾ ಅಂತ ಕೇಳ್ದೆ, ಯಾಕಂದ್ರೆ ಏಟು ಬಿದ್ರೂ ಇದು ಏರತ್ತೆ. ಇಲ್ಲ. ಆಮೇಲೆ ತಲೆ ಕೆರ್ಕೊಂಡು, ಇವ್ರಿಗೆ ಬೆನ್ನುಹುರಿ ಸ್ಕ್ಯಾನ್ ಮಾಡ್ಸಿ ಎಷ್ಟು ದಿನ ಆಯ್ತು ಅಂತ ಫೈಲ್ ತಿರುವಿದೆ, ಮಾಡ್ಸಿದ್ರೆ ಎದೆ ಮಟ್ಟದಲ್ಲಿ ಹೊಸ ಕಲೆ. "ಬಟ್ಟೆ ತಾಕಿದ್ರೆ ಜುಂ ಅನ್ನೋದು, ಗ್ಯಾಸ್ ಅನ್ಕೊಂಡಿದ್ದೆ" ಅಂದ್ರು ಆಮೇಲೆ.

ಇದರ ಉಲ್ಟಾನೂ ಆಗಿದೆ. 54ರ ಒಬ್ರಿಗೆ ಜಾಸ್ತಿ ಬಂತು ಅಂತ ಔಷಧಿ ಬದಲಾಯಿಸಕ್ಕೆ ಹೊರಟಿದ್ದೆ, ಕಿಡ್ನಿ ಟೆಸ್ಟ್ ಕ್ರಿಯಾಟಿನಿನ್ ನೋಡಿದ್ರೆ ಕಿಡ್ನಿನೇ ಸೋತಿತ್ತು, ಜೊತೆಗೆ ಶುಗರ್ ಬೇರೆ. ಕಿಡ್ನಿ ಕೈಕೊಟ್ರೂ ಏರತ್ತೆ, ವಯಸ್ಸಾದ ಹಂಗೂ ಏರತ್ತೆ, ಮೈ ತೂಕ ಜಾಸ್ತಿ ಇದ್ರೆ ಕಮ್ಮಿ ತೋರಿಸತ್ತೆ. ಅದಕ್ಕೇ ಸ್ವಿಟ್ಜರ್ಲೆಂಡಿನ ಬಾಸೆಲ್‌ನವರು 2022ರಲ್ಲಿ ಎಂಎಸ್ ಇಲ್ಲದ 5,390 ಜನರ ಸ್ಯಾಂಪಲ್ ಇಟ್ಕೊಂಡು ವಯಸ್ಸು, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಸೇರಿಸಿ ಪರ್ಸೆಂಟೈಲ್, ಅಂದ್ರೆ ನೂರು ಜನರಲ್ಲಿ ಎಷ್ಟು ಜನರಿಗಿಂತ ಜಾಸ್ತಿ ಇದೆ ಅನ್ನೋ ಲೆಕ್ಕ, ಹಾಕೋ ದಾರಿ ಕೊಟ್ರು. ಅವರ ಲೆಕ್ಕ ನಮ್ಮೂರ ಮೈಕಟ್ಟಿಗೆ ಎಷ್ಟು ಕೂರತ್ತೆ ಅನ್ನೋ ಅನುಮಾನ ನಂಗಿದ್ದೇ ಇದೆ, ಅದಕ್ಕೇ ನಾನು ಅವರವರದೇ ಹಳೇ ನಂಬರ್ ಜೊತೆ ಹೋಲಿಸೋದು ಜಾಸ್ತಿ.

ಅಟ್ಯಾಕ್ ಇಲ್ದೆ ನಿಧಾನಕ್ಕೆ ನಡಿಗೆ ಕೆಡ್ತಾ ಹೋಗೋರ ವಿಷಯದಲ್ಲಿ ಎನ್‌ಎಫ್‌ಎಲ್ ಅಷ್ಟು ಮಾತಾಡಲ್ಲ, ಅಲ್ಲಿ ಜಿಎಫ್‌ಎಪಿ ಅನ್ನೋ ಇನ್ನೊಂದು ಪ್ರೋಟೀನ್ ಕಡೆ ಎಲ್ರ ಕಣ್ಣಿದೆ, ನಾನಿನ್ನೂ ಅದನ್ನ ರೊಟೀನ್ ಆಗಿ ಬರೆದಿಲ್ಲ. ಎಂಆರ್‌ಐ ಬಿಟ್ಟು ಬರೀ ರಕ್ತ ಸಾಕಾ ಅಂತ ಕೇಳೋರಿಗೆ ಇಲ್ಲ ಅಂತೀನಿ, ವರ್ಷಕ್ಕೊಂದು ಸ್ಕ್ಯಾನ್ ಮಾಡಿಸ್ತಾನೇ ಇದೀನಿ, ಮಧ್ಯದಲ್ಲಿ ಎರಡು ಸಲ ರಕ್ತ. ಆಯಮ್ಮ ಮೊನ್ನೆ ಬಂದಿದ್ರು, 13, ಹಳದಿ ಮುಚ್ಚಳನ ಅವ್ರೇ ನೋಡ್ಕೊಂಡು ಬಂದಿದ್ರಂತೆ.