ಹೊಡೆಯುವ, ಕಚ್ಚುವ ಮಗು: ಮನೆಯಲ್ಲಿ ಏನು ಮಾಡಬೇಕು, ಚಿಕಿತ್ಸೆ ಹೇಗಿರುತ್ತದೆ

ಹೊಡೆತ, ಸಾವು, ದೌರ್ಜನ್ಯ ಕಂಡ ಕೆಲ ಮಕ್ಕಳು ತಂಗಿಯನ್ನು ಕಚ್ಚುತ್ತಾರೆ, ಕಲ್ಲೆಸೆಯುತ್ತಾರೆ, ಬೆಂಕಿ ಹಚ್ಚುತ್ತಾರೆ. ಎಲ್ಲ ಹಟದ ಹಿಂದೆಯೂ ಇಂಥ ಆಘಾತ (ಮನಸ್ಸಿಗೆ ಬಿದ್ದ ಪೆಟ್ಟು) ಇರುತ್ತದೆಂದಲ್ಲ. ಆದರೆ ಆಘಾತ ಇದ್ದರೆ ಏಟಿನಿಂದ ತೊಂದರೆ ಇನ್ನಷ್ಟು ಉಲ್ಬಣಿಸುತ್ತದೆ: ಸದಾ ಅಪಾಯ ಕಾಯುತ್ತಿರುವ ಮಗುವಿಗೆ ನಿಮ್ಮ ಕೈಯೂ ಅಪಾಯವೇ.

ಮೊದಲು ಸುರಕ್ಷತೆ. ಕಡ್ಡಿಪೆಟ್ಟಿಗೆ, ಚಾಕು, ಹೊಲಕ್ಕೆ ಹೊಡೆಯುವ ಎಣ್ಣಿ (ಕೀಟನಾಶಕ) ಬೀಗದೊಳಗಿರಲಿ. ಚಿಕ್ಕ ಮಕ್ಕಳೊಂದಿಗೆ ದೊಡ್ಡವರಿಲ್ಲದೆ ಬಿಡಬೇಡಿ. ಬೇರೆ ಮಕ್ಕಳ ಗುಪ್ತಾಂಗ ಮುಟ್ಟುತ್ತಿದ್ದರೆ ಹಾಸಿಗೆಯನ್ನೂ ಬೇರೆ ಮಾಡಿ. ಮಗುವನ್ನು ಹೆದರಿಸಿದವರು ಇನ್ನೂ ಮನೆಯಲ್ಲೇ ಇದ್ದರೆ ಚಿಕಿತ್ಸೆ ಹತ್ತುವುದು ಕಷ್ಟ.

ನಂತರ ಎರಡು ವಾರ ನೋಟ್‌ಬುಕ್ ಬರೆಯಿರಿ. ಸಮಯ, ಹಿಂದಿನ ಹತ್ತು ನಿಮಿಷದಲ್ಲಿ ಏನಾಯಿತು, ಮಗು ಏನು ಮಾಡಿತು, ನೀವೇನು ಮಾಡಿದಿರಿ, ಎಷ್ಟು ಹೊತ್ತಿಗೆ ತಣ್ಣಗಾಯಿತು. "ಮಂಗಳವಾರ ಸಂಜೆ 7:10, ಯಾರೋ ಬಾಗಿಲು ಜೋರಾಗಿ ಬಡಿದರು, ತಂಗಿಯ ಕೈ ಕಚ್ಚಿದ, 20 ನಿಮಿಷ" ಎಂಬಂತೆ. "ಸುಮ್ಮನೆ ಕಚ್ಚಿದ" ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಕುಡಿದು ಬಂದವರ ಬಡಿತ ಕೇಳಿ ಬೆಳೆದ ಮಗುವಿಗೆ ಆ ಸದ್ದೇ ಸಾಕು. ಅದು ಗೊತ್ತಾದರೆ, ಬರುವವರೆಲ್ಲ ಹೊರಗಿನಿಂದ ಹೆಸರು ಕೂಗಿ ಒಳಬರುವ ರೂಢಿ ಹಾಕಬಹುದು.

ಕೆರಳಿದಾಗ ಬುದ್ಧಿವಾದ ಬೇಡ. "ಯಾಕ ಮಾಡ್ದಿ?" ಎಂದು ಕೇಳಿದರೆ ಮಗುವಿಗೇ ಉತ್ತರ ಗೊತ್ತಿರುವುದಿಲ್ಲ. ಉಳಿದ ಮಕ್ಕಳನ್ನು ಆಚೆ ಕಳಿಸಿ, ಬಾಗಿಲಿಗೆ ಅಡ್ಡವಾಗದಂತೆ ತುಸು ದೂರ ಕುಳಿತು, ಸಣ್ಣ ದನಿಯಲ್ಲಿ ಹೇಳಿ: "ಸಿಟ್ಟು ಬಂದೈತಿ, ಗೊತ್ತಾತು. ಹೊಡಿಯಾಕ ಬಿಡಂಗಿಲ್ಲ. ನಾ ಇಲ್ಲೇ ಅದೀನಿ." ತಣ್ಣಗಾದ ಮೇಲೆ ಚೆಲ್ಲಿದ್ದನ್ನು ಎತ್ತಿಸಿ; ತಪ್ಪಿಗೆ ಹೊಣೆ ಇರಲೇಬೇಕು. 4 ಎಣಿಸಿ ಉಸಿರೆಳೆದು 6 ಎಣಿಸಿ ಬಿಡುವುದನ್ನು ಮಗು ನೆಮ್ಮದಿಯಾಗಿದ್ದಾಗ ದಿನಾ ಆಡಿಸಿ. ಸಿಟ್ಟಿನಲ್ಲಿ ಹೊಸದಾಗಿ ಕಲಿಸಲಾಗದು.

ಆಘಾತಕ್ಕೆ ಹೆಚ್ಚು ಪರೀಕ್ಷೆಗೊಳಗಾದ ಚಿಕಿತ್ಸೆ ಟಿಎಫ್-ಸಿಬಿಟಿ (ಆಘಾತ ಕಂಡ ಮಕ್ಕಳ ಯೋಚನೆ, ನಡವಳಿಕೆಯನ್ನು ಮಾತುಕತೆಯಿಂದ ಸರಿಪಡಿಸುವ ಚಿಕಿತ್ಸೆ). 3ರಿಂದ 18 ವರ್ಷದವರಿಗೆ, ಸಾಮಾನ್ಯವಾಗಿ 12ರಿಂದ 16 ಭೇಟಿ, ಪೋಷಕರೂ ಕೂರಬೇಕು. ಮೊದಲ ವಾರಗಳಲ್ಲಿ ತಣ್ಣಗಾಗುವುದನ್ನು ಕಲಿಸಿ, ಆಮೇಲಷ್ಟೇ ನಡೆದದ್ದನ್ನು ಹೇಳಿಸುತ್ತಾರೆ. ಹಾಗಾಗಿ ಮನೆಯಲ್ಲಿ ಕೆದಕಬೇಡಿ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ. ಚಿಕಿತ್ಸೆಯಲ್ಲಿ ಹೇಳತೊಡಗಿದಾಗ ಕೆಲ ದಿನ ಮಗುವಿನ ನಿದ್ದೆ ಕೆಡಬಹುದು. ಚಿಕಿತ್ಸಕರಿಗೆ ತಿಳಿಸಿ, ಭೇಟಿ ನಿಲ್ಲಿಸಬೇಡಿ.

ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ. ಗದಗ, ಹಾವೇರಿಯವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಂದ ಶುರುಮಾಡಬಹುದು. ನೋಟ್‌ಬುಕ್ ಮರೆಯಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಉಚಿತ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಗುವಿನ ನೆರವಿಗೆ 1098ಕ್ಕೂ ಕರೆ ಮಾಡಿ.